ಹೊಸ ತಂತಿ ಹಾಕಿದ ಮೇಲೆ ಗಿಟಾರ್ ಶ್ರುತಿ ನಿಲ್ಲುತ್ತಿಲ್ಲ: ರಿಪೇರಿಯವರಿಗೆ ನಿಮ್ಮ ಪ್ರಶ್ನೆ

ಪ್ರಶ್ನೆ (ದಾವಣಗೆರೆ): ಸರ್, ಅಕೌಸ್ಟಿಕ್ ಗಿಟಾರ್‌ಗೆ ನಿನ್ನೆ 12 ಗೇಜ್ ಸೆಟ್ (ಒಂದನೇ ತಂತಿ 0.012 ಇಂಚು ದಪ್ಪ) ಹಾಕಿದೆ. ಕ್ಲಿಪ್ ಟ್ಯೂನರ್ ಸಿಕ್ಕಿಸಿ ಆರೂ ತಂತಿ ಹಸಿರು ಬರುವವರೆಗೆ ಕೂಡಿಸುತ್ತೇನೆ. ಒಂದು ಹಾಡು ಮುಗಿಯುವಷ್ಟರಲ್ಲಿ ಎಲ್ಲಾ ಇಳಿದಿರುತ್ತದೆ. ತಂತಿ ಹಿಗ್ಗಿ ನಿಲ್ಲೋಕೆ ವಾರ ಬೇಕು ಅಂತಾರೆ, ನಿಜಾನಾ?

ಉತ್ತರ: ನೈಲಾನ್ ತಂತಿ ಆಗಿದ್ದರೆ ನಿಜ. ಅದು ದಿನಗಟ್ಟಲೆ ಹಿಗ್ಗುತ್ತಲೇ ಇರುತ್ತದೆ. ನಿಮ್ಮದು ಲೋಹದ ತಂತಿ, ಅದಕ್ಕೆ ಅರ್ಧ ಗಂಟೆ ಸಾಕು. ಸಡಿಲ ಇರುವುದು ಜಾಸ್ತಿ ತುದಿಗಳಲ್ಲಿ.

ಮೊದಲು ಕೆಳಗಡೆ, ತಂತಿಯನ್ನು ಪಿನ್ ಹಾಕಿ ಸಿಕ್ಕಿಸುವ ಕಡೆ ನೋಡಿ. ತಂತಿ ತುದಿಯ ಗುಂಡು ಒಳಗೆ ಮರದ ಪಟ್ಟಿಗೆ ಒತ್ತಿ ಕೂರಬೇಕು. ಎಷ್ಟೋ ಸಲ ಅದು ಪಿನ್ನಿನ ತುದಿಗೆ ಸಿಕ್ಕಿಕೊಂಡಿರುತ್ತದೆ, ಬಿಗಿ ಮಾಡಿದ ಹಾಗೆ ಸ್ವಲ್ಪ ಸ್ವಲ್ಪ ಜಾರುತ್ತದೆ. ಪಿನ್ ಒತ್ತುವಾಗಲೇ ಇನ್ನೊಂದು ಕೈಯಲ್ಲಿ ತಂತಿಯನ್ನು ಮೇಲಕ್ಕೆ ಎಳೆಯಿರಿ. ಗುಂಡು ಕೂತದ್ದು ಕೈಗೇ ಗೊತ್ತಾಗುತ್ತದೆ. ಮೇಲೆ ಕೀ ಹತ್ತಿರ ದಪ್ಪ ತಂತಿಗೆ ಎರಡು ಮೂರು ಸುತ್ತು, ತೆಳು ತಂತಿಗೆ ಮೂರು ನಾಲ್ಕು ಸುತ್ತು ಸಾಕು. ಒಂದರ ಕೆಳಗೆ ಒಂದು ಬರಬೇಕು, ಒಂದರ ಮೇಲೊಂದು ಹತ್ತಬಾರದು. ಏಳೆಂಟು ಸುತ್ತು ಸುತ್ತಿದ್ದರೆ ಆ ಸಡಿಲವೆಲ್ಲ ಹಾಡಿನ ಮಧ್ಯೆ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಒಂದೊಂದೇ ತಂತಿಯನ್ನು 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಮೆಟ್ಟಿಲು) ಹತ್ತಿರ ಹಿಡಿದು ಒಂದು ಬೆರಳಿನಷ್ಟು ಮೇಲಕ್ಕೆ ಮೆಲ್ಲಗೆ ಎಳೆದು ಬಿಡಿ. ಟ್ಯೂನರ್ ಮುಳ್ಳು ಇಳಿಯುತ್ತದೆ. ಮತ್ತೆ ಕೂಡಿಸಿ, ಮತ್ತೆ ಎಳೆಯಿರಿ. ಎಳೆದರೂ ಮುಳ್ಳು ಅಲ್ಲಾಡದಿದ್ದರೆ ಆ ತಂತಿಯ ಕೆಲಸ ಮುಗಿಯಿತು. ಎಲ್ಲಕ್ಕಿಂತ ತೆಳುವಾದ ಒಂದನೇ ತಂತಿಯ ಮೇಲೆ ಮಾತ್ರ ಸ್ವಲ್ಪ ದಯೆ ಇರಲಿ.

ಕೂಡಿಸುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಕೀಯ ಹಲ್ಲುಗಳ ನಡುವೆ ಚೂರು ಆಟ ಇರುತ್ತದೆ, ಇಳಿಸಿ ನಿಲ್ಲಿಸಿದರೆ ಆ ಆಟ ಹಾಗೇ ಉಳಿಯುತ್ತದೆ. ಮೇಲೆ ಹೋಯಿತಾ? ಸ್ವರಕ್ಕಿಂತ ಕೆಳಗಿಳಿಸಿ ಮತ್ತೆ ಏರಿಸಿ. ಇನ್ನೊಂದು ವಿಷಯ: 12 ಗೇಜ್ ಸೆಟ್ಟಿನ ಒಟ್ಟು ಎಳೆತ 70 ಕೆಜಿಗಿಂತ ಜಾಸ್ತಿ. ಆರನೇ ತಂತಿ ಬಿಗಿ ಮಾಡಿದರೆ ಮರ ಬಾಗಿ ಉಳಿದವು ಇಳಿಯುತ್ತವೆ. ಅದಕ್ಕೇ ಒಂದೇ ಸಲಕ್ಕೆ ಬಿಡಬೇಡಿ, ಆರೂ ತಂತಿಯನ್ನು ಎರಡು ಮೂರು ಸಲ ಕೂಡಿಸಿ.

ಪ್ರಶ್ನೆ (ಅವರೇ): ಕೀ ತಿರುಗಿಸಿದರೂ ಮುಳ್ಳು ಅಲ್ಲೇ ಇರುತ್ತದೆ, ಆಮೇಲೆ ‘ಟಿಕ್’ ಅಂತ ಒಮ್ಮೆಗೇ ಹಾರುತ್ತದೆ. ಕೀ ಹೋಗಿದೆಯಾ?

ಉತ್ತರ: ಇಲ್ಲ, ನಟ್ಟಿನ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ. ತಂತಿ ಸರಿಸಿ, ಆ ಕಚ್ಚಿಗೆ 2ಬಿ ಪೆನ್ಸಿಲ್ ಚೆನ್ನಾಗಿ ಉಜ್ಜಿ. ಪೆನ್ಸಿಲ್ಲಿನ ಗ್ರಾಫೈಟ್ ಪುಡಿ ಜಾರಿಸುತ್ತದೆ. ಆದರೂ ಸಿಕ್ಕಿದರೆ ಕಚ್ಚು ಕಿರಿದು, ಅರ ಹಾಕಬೇಕು. ಅದನ್ನು ಮನೆಯಲ್ಲಿ ಮಾಡಬೇಡಿ.

ಪ್ರಶ್ನೆ (ಮೈಸೂರು): ನಾನು ಕರ್ನಾಟಕ ಸಂಗೀತ ಕಲಿತವಳು. ಟ್ಯೂನರ್ ಎಲ್ಲಾ ಸರಿ ಅನ್ನುತ್ತದೆ. ಆದರೆ ಇ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಮೂರನೇ ತಂತಿ ಚುಚ್ಚುತ್ತದೆ. ಅದನ್ನು ಸ್ವಲ್ಪ ಇಳಿಸಿದರೆ ಇ ಸೊಗಸಾಗುತ್ತದೆ, ಜಿ ಮೇಜರ್ ಕೆಡುತ್ತದೆ. ನನ್ನ ಕಿವಿಯದ್ದೇ ದೋಷವಾ?

ಉತ್ತರ: ಕಿವಿ ಸರಿಯಾಗಿದೆ, ಅದಕ್ಕೇ ಚುಚ್ಚುತ್ತಿದೆ. ತಂಬೂರಿಯ ಮಂದ್ರ ತಂತಿ ಮೀಟಿದಾಗ ಯಾರೂ ನುಡಿಸದ ಒಂದು ಗಾಂಧಾರ ತಾನಾಗಿ ಏಳುತ್ತದೆ ಅಲ್ವಾ? ಷಡ್ಜದಿಂದ ಅದು 386 ಸೆಂಟ್ ದೂರ. ಸ್ಥಾಯಿಗೆ 1200 ಸೆಂಟ್ ಲೆಕ್ಕ. ಗಿಟಾರ್ ಫ್ರೆಟ್ಟುಗಳು ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡಿ ಕೂರಿಸಿದ್ದು, ಹಾಗಾಗಿ ಅಲ್ಲಿ ಗಾಂಧಾರ 400ಕ್ಕೆ ಬರುತ್ತದೆ. 14 ಸೆಂಟ್ ಜಾಸ್ತಿ. ಇ ಮೇಜರ್‌ನಲ್ಲಿ ಮೂರನೇ ತಂತಿಯ ಒಂದನೇ ಫ್ರೆಟ್ಟೇ ಆ ಗಾಂಧಾರ.

ನೀವು ತಂತಿ ಇಳಿಸಿದಾಗ ಅದು ಶುದ್ಧವಾಯಿತು. ಆದರೆ ಜಿ ಮೇಜರ್‌ನಲ್ಲಿ ಅದೇ ತಂತಿ ಷಡ್ಜ, ಸಿ ಮೇಜರ್‌ನಲ್ಲಿ ಪಂಚಮ. ಅವೆರಡೂ ಕೆಟ್ಟವು. ವೀಣೆಗೆ ಮೇಳ ಕಟ್ಟುವವರು ಮೆಟ್ಟಿಲನ್ನು ಮೇಣದ ಮೇಲೆ ಕಿವಿಯಿಂದಲೇ ಕೂಡಿಸುತ್ತಾರೆ, ಅಲ್ಲಿ ಷಡ್ಜ ಬದಲಾಗುವುದಿಲ್ಲ. ಗಿಟಾರ್‌ನಲ್ಲಿ ಕಾರ್ಡ್ ಬದಲಾದಾಗಲೆಲ್ಲ ಷಡ್ಜವೇ ಬದಲು. ಒಂದು ಕಾರ್ಡ್ ಕೇಳಿಕೊಂಡು ತಂತಿ ತಿದ್ದುವುದನ್ನು ಬಿಟ್ಟುಬಿಡಿ. ತೀರಾ ಸಹಿಸೋಕೆ ಆಗದಿದ್ದರೆ ಮೂರನೇ ತಂತಿಯನ್ನು ಮೂರು ನಾಲ್ಕು ಸೆಂಟ್ ಇಳಿಸಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಅನ್ಯಾಯ ಆಗುತ್ತದೆ, ಅಷ್ಟೇ.

ಪ್ರಶ್ನೆ (ಮಂಗಳೂರು): ಟ್ಯೂನರ್ ಯಾಕೆ ಬೇಕು? ನಾನು ಒಂದು ತಂತಿಯ 5ನೇ ಫ್ರೆಟ್ಟಿನ ಹಾರ್ಮೋನಿಕ್‌ಗೆ (ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದಾಗ ಬರುವ ಸ್ವರ) ಪಕ್ಕದ ತಂತಿಯ 7ನೇ ಫ್ರೆಟ್ಟಿನದನ್ನು ಹೊಂದಿಸಿಯೇ ಕೂಡಿಸುವುದು.

ಉತ್ತರ: ಕೇಳೋಕೆ ಚೆಂದ, ಆದರೆ ಲೆಕ್ಕ ತಪ್ಪುತ್ತದೆ. 7ನೇ ಫ್ರೆಟ್ಟಿನ ಹಾರ್ಮೋನಿಕ್ ಕೊಡುವುದು ಶುದ್ಧ ಪಂಚಮ, ಫ್ರೆಟ್ಟಿನದಕ್ಕಿಂತ 2 ಸೆಂಟ್ ಜಾಸ್ತಿ. ಅದನ್ನು ಹೊಂದಿಸಲು ಆ ತಂತಿಯೇ 2 ಸೆಂಟ್ ಇಳಿಯಬೇಕು. ಆರನೇ ತಂತಿಯಿಂದ ಶುರು ಮಾಡಿದರೆ ಐದನೆಯದು 2, ನಾಲ್ಕನೆಯದು 4, ಮೂರನೆಯದು 6 ಸೆಂಟ್ ಕೆಳಗೆ. ಎರಡನೆಯದನ್ನು ಆರನೇ ತಂತಿಯ 7ನೇ ಹಾರ್ಮೋನಿಕ್‌ಗೆ ಹೊಂದಿಸಿದರೆ ಅದು 2 ಸೆಂಟ್ ಮೇಲೆ. ಪಕ್ಕದ ಎರಡು ತಂತಿಗಳ ನಡುವೆ 8 ಸೆಂಟ್ ಬಂತು. ಮೊದಲೇ ಚುಚ್ಚುತ್ತಿದ್ದ ಗಾಂಧಾರ ಇನ್ನೂ ಮೇಲೆ! ಒಂದನೇ ತಂತಿಯನ್ನು ಆರನೆಯದರ 5ನೇ ಹಾರ್ಮೋನಿಕ್‌ಗೆ ಹೊಂದಿಸುವುದು ಮಾತ್ರ ಸರಿ, ಅದು ಎರಡು ಸ್ಥಾಯಿ ಮೇಲಿನ ಅದೇ ಸ್ವರ.

ಪ್ರಶ್ನೆ (ಧಾರವಾಡ): ಭಾವಗೀತೆಗೆ ನುಡಿಸುತ್ತೇನೆ. ಟ್ಯೂನರ್ ಹಸಿರು, ಹಾರ್ಮೋನಿಯಂ ಜೊತೆ ಮಾತ್ರ ಕೂಡುವುದಿಲ್ಲ. ಗಾಯಕರ ಶ್ರುತಿ ಕಪ್ಪು ಎರಡು (ಡಿ ಶಾರ್ಪ್).

ಉತ್ತರ: ಟ್ಯೂನರ್‌ನಲ್ಲಿ ಎ ಸ್ವರದ ಅಳತೆ 440 ಹರ್ಟ್ಸ್ ಇದೆಯಾ ಮೊದಲು ನೋಡಿ, ಸುಮ್ನೆ ಬಟನ್ ಒತ್ತಿ 432ಕ್ಕೆ ಹೋಗಿರುತ್ತದೆ. ಅದು ಸರಿ ಇದ್ದರೆ ಹಾರ್ಮೋನಿಯಂನ ರೀಡೇ ಆಚೀಚೆ ಇದೆ. ವೇದಿಕೆಯ ಮೇಲೆ ರೀಡ್ ತಿದ್ದೋಕೆ ಆಗಲ್ಲ, ಬಗ್ಗಬೇಕಾದವರು ನೀವು. ಬಿಳಿ ಆರು (ಅದೇ ಎ ಸ್ವರ) ಒತ್ತಿ ಹಿಡಿಯಲು ಹೇಳಿ, ಟ್ಯೂನರ್ ಮುಳ್ಳು ನಡುವೆ ಬರುವವರೆಗೆ 441, 442 ಅಂತ ಏರಿಸಿ. ಅಲ್ಲಿ ಒಂದು ಹರ್ಟ್ಸ್ ಅಂದರೆ ಸುಮಾರು 4 ಸೆಂಟ್. ಆ ಸೆಟ್ಟಿಂಗ್‌ನಲ್ಲೇ ಆರೂ ತಂತಿ ಕೂಡಿಸಿ. ಕಪ್ಪು ಎರಡಕ್ಕೆ 3ನೇ ಫ್ರೆಟ್ಟಿಗೆ ಕೇಪೋ (ಆರೂ ತಂತಿಯನ್ನು ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿ ಸಿ ಆಕಾರದಲ್ಲಿ ನುಡಿಸಿ. ಕೇಪೋ ತಂತಿಯನ್ನು ಒತ್ತಿ ಸ್ವರ ಏರಿಸುತ್ತದೆ, ಹಾಕಿದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ (ಬೆಂಗಳೂರು): ಖಾಲಿ ತಂತಿ ಸರಿ, 12ನೇ ಫ್ರೆಟ್ಟಿನಲ್ಲಿ ಒತ್ತಿದರೆ ಮೇಲೆ ತೋರಿಸುತ್ತದೆ. ಹೊಸ ತಂತಿಯೇ.

ಉತ್ತರ: ಮೊದಲು ಮೆತ್ತಗೆ ಒತ್ತಿ ನೋಡಿ, ಗಟ್ಟಿಯಾಗಿ ಒತ್ತಿದರೂ ಸ್ವರ ಏರುತ್ತದೆ. ಆಗಲೂ 5 ಸೆಂಟ್‌ಗಿಂತ ಜಾಸ್ತಿ ಇದ್ದರೆ ತಂತಿ ಎತ್ತರದಲ್ಲಿದೆ ಅಥವಾ ಸ್ಯಾಡಲ್ (ಕೆಳತುದಿಯಲ್ಲಿ ತಂತಿ ಕೂರುವ ಪಟ್ಟಿ) ಜಾಗ ಸರಿಯಿಲ್ಲ. ಎಲೆಕ್ಟ್ರಿಕ್ ಆದರೆ ಸ್ಯಾಡಲ್ ಸ್ಕ್ರೂ ತಿರುಗಿಸಿ ಹಿಂದೆ ಸರಿಸಿ. ಅಕೌಸ್ಟಿಕ್ ಆದರೆ ಗಿಟಾರ್ ತಂದು ತೋರಿಸಿ, ಫೋಟೋದಲ್ಲಿ ಹೇಳೋಕೆ ಆಗಲ್ಲ.