ಹೇಳದೆ ಕೇಳದೆ ಗೈರಾದ ಕಾರ್ಮಿಕ: ಮಸ್ಟರ್‌ನಿಂದ ಹೆಸರು ಹೊಡೆಯುವ ಮೊದಲು

ಪ್ರಶ್ನೆ: ಫೌಂಡ್ರಿ ಮಾಲೀಕರು, ಉದ್ಯಮಬಾಗ, ಬೆಳಗಾವಿ

ನಮಸ್ಕಾರ್ರೀ. ನಮ್ಮ ಫೌಂಡ್ರಿಯೊಳಗ 34 ಮಂದಿ ಅದಾರ್ರಿ. ಏಳು ವರ್ಷದಿಂದ ಇದ್ದ ಮೋಲ್ಡರ್ (ಎರಕದ ಅಚ್ಚು ಮಾಡಾಂವ) ಒಬ್ಬಾಂವ ಯಲ್ಲಮ್ಮನ ಜಾತ್ರಿಗಿ ಅಂತ ಎರಡು ದಿನ ಸೂಟಿ ತಗೊಂಡು ಹೋದಾಂವ, ಇವತ್ತಿಗೆ 19 ದಿನ ಆತು, ಬಂದಿಲ್ಲ. ಫೋನ್ ಎತ್ತಂಗಿಲ್ಲ. ಮಸ್ಟರ್‌ನಾಗಿಂದ (ಹಾಜರಿ ಪಟ್ಟಿಯಿಂದ) ಹೆಸರು ಹೊಡದು ಹೊಸಬರನ್ನ ತಗೋಬೇಕಂತ ಮಾಡೇವ್ರಿ. ಪಿಎಫ್, ಇಎಸ್‌ಐನಾಗೂ ‘ಕೆಲಸ ಬಿಟ್ಟ’ ಅಂತ ತೋರಿಸಿಬಿಟ್ರ ಮುಗೀತಲ್ರಿ? ಹಿಂದಿನ ತಿಂಗಳ ಪಗಾರ ಕೊಡೂದು ಉಳದೈತಿ. ಅಂವ ಬಂದು ಲೆಕ್ಕ ಮುಗಿಸೂತನಕ ತಡೀಬಹುದೇನ್ರಿ?

ಉತ್ತರ: ಕಾರ್ಮಿಕ ಕಾನೂನು ಸಲಹೆಗಾರರು

ಹೆಸರು ಹೊಡೀಬ್ಯಾಡ್ರಿ ಸರ್. ಪಗಾರಾನೂ ತಡೀಬ್ಯಾಡ್ರಿ. ಮೊದಲು ಪಗಾರದ ಮಾತು, ಅದು ಸಣ್ಣದು. ದುಡಿದ ದಿನಗಳ ಪಗಾರ ಮುಂದಿನ ತಿಂಗಳ 7ರೊಳಗೆ ಅವನ ಬ್ಯಾಂಕ್ ಖಾತೆಗೆ ಹೋಗಬೇಕು. ಗೈರಾದ ದಿನಗಳಷ್ಟು ಕಡಿತ ಮಾಡಬಹುದು, ಉಳಿದದ್ದನ್ನು ಒತ್ತೆ ಇಟ್ಟುಕೊಳ್ಳಲು ಬರುವುದಿಲ್ಲ. ಇವತ್ತೇ ಹಾಕಿಬಿಡಿ.

ಇನ್ನು ಹೆಸರು ಹೊಡೆಯುವ ಮಾತು. ‘ಅವನೇ ಬಿಟ್ಟು ಹೋದ’ ಎಂದು ಮಾಲೀಕ ಒಬ್ಬನೇ ತೀರ್ಮಾನಿಸಿದರೆ ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. ಗೈರಾದದ್ದಕ್ಕೆ ಹಾಜರಿ ಪಟ್ಟಿಯಿಂದ ಹೆಸರು ತೆಗೆದದ್ದೂ ರಿಟ್ರೆಂಚ್‌ಮೆಂಟೇ, ಅಂದರೆ ಮಾಲೀಕನೇ ಕೆಲಸದಿಂದ ತೆಗೆದಂತೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ರಾಬರ್ಟ್ ಡಿಸೋಜಾ ಪ್ರಕರಣದಲ್ಲಿ ಹೇಳಿತು. 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ, ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂದು ಕಂಪನಿಯ ಸ್ಥಾಯಿ ಆದೇಶದಲ್ಲೇ (ಕೆಲಸದ ನಿಯಮಾವಳಿ) ಬರೆದಿತ್ತು. ಆದರೂ ವಿಚಾರಣೆ ಇಲ್ಲದೆ ತೆಗೆದದ್ದು ತಪ್ಪು ಎಂದು ಕೋರ್ಟ್ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿ, ಹಿಂದಿನ ಪಗಾರದ ಅರ್ಧ ಕೊಡಿಸಿತು. ನಿಮ್ಮ ಮೋಲ್ಡರ್ ಏಳು ವರ್ಷದವನು. ಹೆಸರು ಹೊಡೆದರೆ, ವರ್ಷಕ್ಕೆ 240 ದಿನ ದುಡಿದ ಲೆಕ್ಕ ದಾಟಿದವನನ್ನು ನೋಟಿಸಿಲ್ಲದೆ ಪರಿಹಾರವಿಲ್ಲದೆ ತೆಗೆದಂತಾಗುತ್ತದೆ.

ಹಾಗಾದರೆ ದಾರಿ ಯಾವುದು? ಪತ್ರದ ದಾರಿ. ಸುಮಾರು ಎರಡು ತಿಂಗಳು ಹಿಡಿಯುತ್ತದೆ, ಆದರೆ ಗಟ್ಟಿ.

ಬರೆಯುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಅವನಿಗೆ ಆರಾಮಿಲ್ಲವೇ? ಅಶೋಕನಗರದ ಇಎಸ್‌ಐ ಆಸ್ಪತ್ರೆಯ ಚೀಟಿ ಅವನ ಕೈಯಲ್ಲಿದ್ದರೆ ಅದು ಗೈರುಹಾಜರಿ ಅಲ್ಲ. ಅನಾರೋಗ್ಯಕ್ಕೆ ಇಎಸ್‌ಐ ವರ್ಷಕ್ಕೆ 91 ದಿನದ ತನಕ ಪಗಾರದ ಶೇ. 70 ಕೊಡುತ್ತದೆ. ಆ ಅವಧಿಯಲ್ಲಿ ಶಿಸ್ತುಕ್ರಮಕ್ಕೆ ಹೊರಟರೆ ನಿಮ್ಮ ಕೇಸು ಅಲ್ಲೇ ಬೀಳುತ್ತದೆ.

ಮೊದಲ ಪತ್ರದಲ್ಲಿ ಬೆದರಿಕೆ ಬೇಡ. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಸೂಟಿ ಮಂಜೂರಾಗಿತ್ತು, ಯಾವ ದಿನದಿಂದ ಪರವಾನಗಿ ಇಲ್ಲದೆ ಗೈರು, ಪತ್ರ ಮುಟ್ಟಿದ 7 ದಿನದೊಳಗೆ ಕೆಲಸಕ್ಕೆ ಬರಬೇಕು, ಬಂದು ಕಾರಣ ಬರೆದುಕೊಡಬೇಕು, ಆರಾಮಿಲ್ಲದಿದ್ದರೆ ಡಾಕ್ಟರ ಚೀಟಿ ಕಳಿಸಬೇಕು. ಇಷ್ಟೇ. ‘ಬಾರದಿದ್ದರೆ ಕೆಲಸದಿಂದ ತೆಗೆದಂತೆ’ ಎಂಬ ಸಾಲನ್ನು ಬಹಳ ಮಂದಿ ರೂಢಿಯಿಂದ ಸೇರಿಸುತ್ತಾರೆ. ಮುಂದೆ ಆ ಒಂದು ಸಾಲೇ ಅವನ ವಕೀಲರಿಗೆ ಸಾಕ್ಷಿ. ವಿಚಾರಣೆಗೆ ಮೊದಲೇ ಮನಸ್ಸು ಮಾಡಿದ್ದರು ಎಂದು ತೋರಿಸಲು ಬೇರೇನೂ ಬೇಕಾಗುವುದಿಲ್ಲ.

ಪತ್ರ ಅವನಿಗೆ ತಿಳಿಯುವ ಭಾಷೆಯಲ್ಲಿರಲಿ. ಬೆಳಗಾವಿಯಲ್ಲಿ ಇದು ಬಹಳ ಮುಖ್ಯ. ಖಾನಾಪುರ ಕಡೆಯ ಮರಾಠಿ ಮನೆಯವನಾದರೆ ಕನ್ನಡದ ಜೊತೆ ಮರಾಠಿ ಪ್ರತಿ, ಉತ್ತರದ ಕಡೆಯಿಂದ ಬಂದವನಾದರೆ ಹಿಂದಿ ಪ್ರತಿ ಲಗತ್ತಿಸಿ. ಪತ್ರ ಎರಡೂ ವಿಳಾಸಕ್ಕೆ ಹೋಗಬೇಕು: ಇಲ್ಲಿಯ ಬಾಡಿಗೆ ಖೋಲಿಗೆ ಒಂದು, ಆಧಾರ್‌ನಲ್ಲಿರುವ ಊರಿಗೆ ಒಂದು. ಖೋಲಿಗೆ ಮಾತ್ರ ಕಳಿಸಿ ‘ನೋಟಿಸ್ ಕೊಟ್ಟಿದ್ದೆವು’ ಎನ್ನುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡುವಾಗ ನೋಂದಣಿ ಸೇವೆ ಮತ್ತು ಮುಟ್ಟಿದ ಪುರಾವೆ ಎರಡನ್ನೂ ಕೇಳಿ. ರಸೀದಿ, ಟ್ರ್ಯಾಕಿಂಗ್ ಪುಟದ ಪ್ರಿಂಟ್ ಫೈಲಿಗೆ ಹಾಕಿ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾ ಬರೆದು ಲಕೋಟೆ ಮರಳಿದರೆ ಅದನ್ನು ಒಡೆಯದೆ ಹಾಗೇ ಇಡಿ, ಸಾಮಾನ್ಯವಾಗಿ ಅದು ಮುಟ್ಟಿದಂತೆಯೇ. ‘ಊರು ಬಿಟ್ಟಿದ್ದಾರೆ’ ಎಂದು ಮರಳಿದರೆ ಮುಟ್ಟಿದಂತಲ್ಲ. ಆಗ ಊರಿನ ವಿಳಾಸ, ಅದೂ ಆಗದಿದ್ದರೆ ಸ್ಥಳೀಯ ದಿನಪತ್ರಿಕೆಯಲ್ಲಿ ಪ್ರಕಟಣೆ.

ಹತ್ತು ದಿನ ಬಿಟ್ಟು ಎರಡನೆಯ ಪತ್ರ. ಅದಕ್ಕೂ ಉತ್ತರವಿಲ್ಲದಿದ್ದರೆ ಚಾರ್ಜ್‌ಶೀಟ್, ಅಂದರೆ ನೀವು ಕೊಡುವ ಆರೋಪ ಪತ್ರ. ‘ಬಹಳ ದಿನ ಬಂದಿಲ್ಲ’ ಎಂದು ಅಸ್ಪಷ್ಟವಾಗಿ ಬರೆಯದೆ, ಗೈರಾದ ಪ್ರತಿ ತಾರೀಖನ್ನೂ ಬರೆಯಿರಿ. ಮಾದರಿ ಸ್ಥಾಯಿ ಆದೇಶದ ಪ್ರಕಾರ ಪರವಾನಗಿ ಇಲ್ಲದೆ 10 ದಿನ ಮೀರಿದ ಗೈರು ದುರ್ವರ್ತನೆ. ಉತ್ತರಕ್ಕೆ 7 ದಿನ ಕೊಡಿ.

ವಿಚಾರಣಾಧಿಕಾರಿ ಹೊರಗಿನವರಾದರೆ ಒಳ್ಳೆಯದು. ದೂರು ಕೊಟ್ಟ ಸೂಪರ್‌ವೈಸರನ್ನೇ ಆ ಕುರ್ಚಿಯಲ್ಲಿ ಕೂರಿಸಬೇಡಿ. ಕಾರ್ಮಿಕ ಬಾರದಿದ್ದರೂ ವಿಚಾರಣೆ ಪೂರ್ತಿ ನಡೆಯಬೇಕು. ಗೈರಿನಲ್ಲಿ ನಡೆಸುವುದು ಎಂದರೆ ಸಾಕ್ಷಿಯನ್ನೇ ಬಿಟ್ಟುಬಿಡುವುದು ಎಂದರ್ಥವಲ್ಲ. ಸೂಪರ್‌ವೈಸರ್ ಹೇಳಿಕೆ, ಮಸ್ಟರ್, ಸೂಟಿ ಅರ್ಜಿ, ಪತ್ರಗಳ ರಸೀದಿ ಎಲ್ಲ ಗುರುತು ಹಾಕಿ ಸೇರಿಸಬೇಕು. ವರದಿಯ ಪ್ರತಿಯನ್ನು ಅವನಿಗೆ ಕಳಿಸಿ, ಯಾವ ಶಿಕ್ಷೆ ಯೋಚಿಸಿದ್ದೀರಿ ಎಂದು ತಿಳಿಸಿ, ಮತ್ತೊಮ್ಮೆ ಉತ್ತರ ಕೇಳಿ. ಏಳು ವರ್ಷದಲ್ಲಿ ಒಂದು ಮೆಮೊ ಕೂಡ ಇಲ್ಲದವನನ್ನು ಒಂದೇ ಗೈರಿಗೆ ವಜಾ ಮಾಡಿದರೆ ಶಿಕ್ಷೆ ಅತಿಯಾಯಿತು ಎಂದು ಕೋರ್ಟ್ ಹೇಳಬಹುದು. ನನ್ನ ಅಭಿಪ್ರಾಯದಲ್ಲಿ ಇಂಥವನಿಗೆ ವಜಾ ಕೊನೆಯ ಆಯ್ಕೆ ಆಗಬೇಕು. ಒಳ್ಳೆಯ ಮೋಲ್ಡರ್ ಸಿಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ಸೇರಿಸುತ್ತೇನೆ: ಪಿಎಫ್, ಇಎಸ್‌ಐ ಕೆಲಸ ನೋಡುವ ಕನ್ಸಲ್ಟಂಟ್, ಬೆಳಗಾವಿ

ಮೇಲಿನದಕ್ಕೆ ಎರಡು ಮಾತು ಸೇರಿಸಬೇಕು, ಯಾಕಂದ್ರೆ ಪತ್ರ ಎಲ್ಲಾ ಸರಿ ಬರದು ಕಂಪ್ಯೂಟರ್‌ನಾಗ ಕೆಡಿಸಿಕೊಳ್ಳೋರೇ ಜಾಸ್ತಿ.

ಇಎಸ್‌ಐ ಮಾಸಿಕ ವಂತಿಗೆ ತುಂಬುವಾಗ ಸೊನ್ನೆ ದಿನ ಹಾಕಿದರೆ ಕಾರಣ ಕೇಳುತ್ತದೆ. ಅಲ್ಲಿ ‘ಲೆಫ್ಟ್ ಸರ್ವಿಸ್’ ಆರಿಸಿ ಕೊನೆಯ ದಿನ ಹಾಕಿದರೆ, ವಿಚಾರಣೆ ಶುರುವಾಗುವ ಮೊದಲೇ ನೀವು ಅವನನ್ನು ತೆಗೆದಿರಿ ಎಂಬ ಸರ್ಕಾರಿ ದಾಖಲೆ ನೀವೇ ತಯಾರಿಸಿದಂತೆ. ಪಿಎಫ್‌ನಲ್ಲೂ ಹಾಗೇ. ಇಸಿಆರ್‌ನಲ್ಲಿ (ತಿಂಗಳ ಪಿಎಫ್ ರಿಟರ್ನ್) ಪಗಾರ ಸೊನ್ನೆ, ಎನ್‌ಸಿಪಿ ದಿನಗಳ (ವಂತಿಗೆ ಇಲ್ಲದ ದಿನಗಳ) ಕಾಲಂನಲ್ಲಿ ತಿಂಗಳ ಪೂರ್ತಿ ದಿನ ತೋರಿಸಿ. ನಿರ್ಗಮನ ದಿನಾಂಕ ಹಾಕುವುದು ಅಂತಿಮ ಆದೇಶದ ನಂತರ, ಆ ಆದೇಶದ ತಾರೀಖಿಗೇ.

ಮಸ್ಟರ್‌ನಲ್ಲಿ ದಿನಾ ‘ಗೈರು’ ಎಂದು ತುಂಬಿ. ಚೌಕ ಖಾಲಿ ಬಿಟ್ಟರೆ ‘ನಾ ಬಂದಿದ್ದೆ, ಗೇಟಿನಲ್ಲಿ ತಡೆದರು’ ಎನ್ನಲು ಜಾಗ ಸಿಗುತ್ತದೆ. ಕಂತ್ರಾಟುದಾರನ ಕಡೆಯವನಾದರೆ ಪತ್ರ ಕಂತ್ರಾಟುದಾರನ ಲೆಟರ್‌ಹೆಡ್‌ನಲ್ಲೇ ಹೋಗಬೇಕು. ನೀವು ಬರೆದರೆ ಅವನು ನಿಮ್ಮ ನೇರ ಕಾರ್ಮಿಕ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಗ್ರಾಚ್ಯುಟಿ ಮರೀಬ್ಯಾಡ್ರಿ. ಗೈರಿಗಾಗಿ ವಜಾ ಆದವನಿಗೂ ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಕೊಡಲೇಬೇಕು, ಗೈರು ಅದನ್ನು ಮುಟ್ಟುಗೋಲು ಹಾಕುವ ಕಾರಣವಲ್ಲ. ಬೇಸಿಕ್, ಡಿಎ ಸೇರಿ ಕೊನೆಯ ಪಗಾರ 15,600 ಇದ್ದರೆ, ಅದನ್ನು 26ರಿಂದ ಭಾಗಿಸಿ ದಿನಕ್ಕೆ 600, ವರ್ಷಕ್ಕೆ 15 ದಿನದ್ದು 9,000, ಏಳು ವರ್ಷಕ್ಕೆ 63,000. ಇದನ್ನು 30 ದಿನದೊಳಗೆ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಂತೆ ಬಾಕಿ ಪಗಾರ ಮಾತ್ರ ಕೆಲಸದಿಂದ ತೆಗೆದ ಎರಡು ಕೆಲಸದ ದಿನದೊಳಗೆ.

ಪ್ರಶ್ನೆ: ಪವರ್‌ಲೂಮ್ ಮಾಲೀಕರು, ಬನಹಟ್ಟಿ

ನಮ್ಮ ನೇಕಾರ ಒಬ್ಬಾಂವ 60,000 ಮುಂಗಡ ಇಸ್ಕೊಂಡು ಇಚಲಕರಂಜಿಗೆ ಹೋಗ್ಯಾನ್ರಿ. ಮುಂಗಡ ತೀರೂತನಕ ಬ್ಯಾರೆ ಕಡೆ ದುಡಿಯಂಗಿಲ್ಲ ಅಂತ ಬರಸ್ಕೊಂಡೇವಿ. ಅವನ ಆಧಾರ್ ಕಾರ್ಡೂ ನಮ್ಮ ಕಡೆ ಐತಿ.

ಉತ್ತರ: ಕಾರ್ಮಿಕ ಕಾನೂನು ಸಲಹೆಗಾರರು

ಕಾರ್ಡನ್ನು ಇವತ್ತೇ ಮರಳಿಸಿ ಅಣ್ಣಾರ, ಆ ಕರಾರನ್ನೂ ಎಲ್ಲೂ ಮುಂದೆ ಮಾಡಬ್ಯಾಡ್ರಿ. ಸಾಲ ತೀರುವ ತನಕ ಬೇರೆಡೆ ದುಡಿಯಕೂಡದು ಎನ್ನುವುದೇ ಜೀತದ ಲಕ್ಷಣ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದ ತನಕ ಸಜೆ ಇದೆ, ಜೀತದ ಸಾಲ ಎಂದು ತೀರ್ಮಾನವಾದರೆ ಆ ಸಾಲವೇ ರದ್ದಾಗುತ್ತದೆ. 60,000ದ ಚಿಂತೆಯಲ್ಲಿ ಜೈಲಿನ ದಾರಿ ಹಿಡಿಯಬಾರದು. ಮುಂದೆ ಮುಂಗಡ ಕೊಡುವಾಗ ಬ್ಯಾಂಕ್ ಮೂಲಕ ಕೊಡಿ, ತಿಂಗಳ ಕಂತು ಎಷ್ಟು ಎಂದು ಬರೆಸಿ ಸಹಿ ಮಾಡಿಸಿ. ಎಲ್ಲ ಕಡಿತ ಸೇರಿ ಪಗಾರದ ಅರ್ಧ ದಾಟಬಾರದು. ಎರಡು ತಿಂಗಳ ಪಗಾರಕ್ಕಿಂತ ಹೆಚ್ಚಿನ ಮುಂಗಡ ಕೊಡದಿರುವುದೇ ಒಳ್ಳೆಯದು ಎಂದು ನನ್ನ ಸಲಹೆ.

ಪ್ರಶ್ನೆ: ಫೌಂಡ್ರಿ ಮಾಲೀಕರು, ಉದ್ಯಮಬಾಗ

ಸರ್, ಮೊದಲನೇ ಪತ್ರ ಮುಟ್ಟಿದ ಮ್ಯಾಲೆ ಅಂವ ಇವತ್ತ ಮುಂಜಾನೆ ಗೇಟಿಗೆ ಬಂದಾನ್ರಿ. ತಾಯಿಗೆ ಆರಾಮಿಲ್ಲಂತ. ವಾಚ್‌ಮನ್ ಹೊರಗ ನಿಂದ್ರಿಸ್ಯಾನ. ಏನ್ ಮಾಡೂದು?

ಉತ್ತರ: ಕಾರ್ಮಿಕ ಕಾನೂನು ಸಲಹೆಗಾರರು

ಈಗಿಂದೀಗ ಒಳಗೆ ಕರೀರಿ. ಗೇಟಿನಲ್ಲಿ ಕಳೆದ ಒಂದೊಂದು ತಾಸೂ ‘ಕೆಲಸ ನಿರಾಕರಿಸಿದರು’ ಎಂಬ ವಾದಕ್ಕೆ ಬಲ. ಹಾಜರಾದ ತಾರೀಖು, ಗೈರಿನ ಕಾರಣ ಅವನ ಕೈಯಿಂದಲೇ, ಅವನ ಭಾಷೆಯಲ್ಲೇ ಬರೆಸಿಕೊಳ್ಳಿ. ತಾಯಿಯ ಆಸ್ಪತ್ರೆ ಕಾಗದ ತರಲು ಮೂರು ದಿನ ಕೊಡಿ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳಬೇಡಿ. ಕಾಗದ ಸರಿಯಿದ್ದರೆ ಒಂದು ಲಿಖಿತ ಎಚ್ಚರಿಕೆ ಸಾಕು, ಗೈರಾದ ದಿನಗಳು ಪಗಾರವಿಲ್ಲದ ಸೂಟಿ. ಅವನ ಜಾಗಕ್ಕೆ ಈಗಾಗಲೇ ಯಾರನ್ನಾದರೂ ಹೇಳಿದ್ದರೆ ಅವರಿಗೆ ನಿಗದಿತ ಅವಧಿಯ ಕರಾರು ಪತ್ರ ಕೊಡಿ, ಪಗಾರ ಕಾಯಂ ಮೋಲ್ಡರನಷ್ಟೇ. ನಿಗದಿತ ಅವಧಿಯವರಿಗೆ ಐದು ವರ್ಷ ಬೇಕಿಲ್ಲ, ಒಂದು ವರ್ಷ ತುಂಬಿಸಿದರೆ ಈಗ ಗ್ರಾಚ್ಯುಟಿ ಬರುತ್ತದೆ.