ದಾಂಡೇಲಿ ಕಡೆ ಐದು ಮನಿ ಮಂದಿ ಕೂಡಿ ಟೆಂಟಿನ್ಯಾಗ ಎರಡು ರಾತ್ರಿ, ಏನೇನು ನೋಡ್ಕೋಬೇಕ್ರಿ?

ಉಣಕಲ್ ದಂಡಿ:

ಎಲ್ಲಾರಿಗೂ ನಮಸ್ಕಾರ್ರೀ. ನಾವು ಹುಬ್ಬಳ್ಳಿಯವರು, ಒಂದ ಅಪಾರ್ಟ್‌ಮೆಂಟಿನ ಐದು ಮನಿಯವರು ಕೂಡಿ ಡಿಸೆಂಬರ್‌ನ್ಯಾಗ ಒಂದು ಶುಕ್ರವಾರ ಸಂಜಿಮುಂದ ಹೊಂಟು ರವಿವಾರ ರಾತ್ರಿ ವಾಪಸ್ ಬರೂ ಹಂಗ ದಾಂಡೇಲಿ ಗಣೇಶಗುಡಿ ಕಡೆ ಕ್ಯಾಂಪಿಂಗ್ ಹೋಗ್ಬೇಕು ಅಂತ ಮಾಡೇವಿ. ದೊಡ್ಡವರು ಹತ್ತು ಮಂದಿ, ಹುಡುಗ್ರು ಎಂಟು (ಎಲ್ಲಾರಕಿಂತ ಸಣ್ಣದು ಮೂರು ವರ್ಷದ್ದು, ದೊಡ್ಡಾಂವಗ ಹದಿನಾಕು), ಆಮ್ಯಾಲ ನಮ್ಮವ್ವ, ಬಾಜೂ ಮನಿಯವರ ಮಾವನೋರು. ಅವ್ವಗ 68, ಶುಗರ್ ಐತಿ, ಮೊಣಕಾಲು ನೋವು ಬ್ಯಾರೆ, ಆದ್ರೂ ಅಡವಿ ಅಂದಕೂಡ್ಲೆ ಎಲ್ಲಾರಕಿಂತ ಮೊದಲು ಹೂಂ ಅಂದಾಕಿ ಅಕೀನ.

ನಾಕು ಟೆಂಟ್ ಆಗ್ಲೇ ತಗೊಂಡೇವ್ರಿ. ಹೊಳಿ ದಂಡಿಗೆ ಒಂದು ಬಯಲು ಜಾಗಾ ನೋಡಿ ಟೆಂಟ್ ಹೊಡಿಯೂದು, ಗ್ಯಾಸ್ ಒಲಿ ಒಯ್ದು ನಾವ ಅಡಿಗಿ ಮಾಡ್ಕೊಳ್ಳೂದು, ರಾತ್ರಿ ಬೆಂಕಿ ಹಾಕ್ಕೊಂಡು ಸ್ಪೀಕರ್ ಹಚ್ಚಿ ಅಂತ್ಯಾಕ್ಷರಿ ಆಡೂದು, ಇಷ್ಟ ನಮ್ಮ ಪ್ಲ್ಯಾನು. ನಮ್ಮ ಹುಡುಗ್ರು ಅಡವಿ ನೋಡಿದ್ದು ಬರೇ ಟಿವಿಯಾಗ, ಒಂದರ ಸಲ ಖರೆ ಅಡವ್ಯಾಗ ಮಲಗಲಿ ಅನ್ನೂದು ನನ್ನ ಆಸೆ. ಎಲ್ಲೆ ಟೆಂಟ್ ಹಾಕಿದ್ರ ಛೊಲೊ, ವಯಸ್ಸಾದವ್ರಿಗೆ ತ್ರಾಸ ಆಗ್ತದೇನು, ಹಾವು ಹುಳಾ ಹೆಂಗ, ಹೋಗಿ ಬಂದವ್ರು ಹೇಳ್ರಿ. ನಮ್ಮ ಮನಿಯಾಕಿ ಅಂತೂ "ಅಲ್ಲೂ ನಾನ ಅಡಿಗಿ ಮಾಡೂದಾದ್ರ ನಾ ಬರಂಗಿಲ್ಲ" ಅಂತ ಒಂದ ಮಾತು ಹೇಳಿ ಕುಂತಾಳ.

ಕೆಲಗೇರಿ ಕೆರಿ:

ಸರ್ರ, ಮೊದಲು ಆ ಹೊಳಿ ದಂಡಿ ವಿಚಾರ ತಲಿಯಿಂದ ತಗದುಬಿಡ್ರಿ. ನಾನು ಧಾರವಾಡದಿಂದ ಹಳಿಯಾಳದ ಮ್ಯಾಲ ಹಾದು ವರ್ಷಕ್ಕ ಮೂರು ನಾಕು ಸಲ ಆ ಕಡೆ ಹೋಗ್ತಿರ್ತೀನಿ, ಹಂಗಾಗಿ ಹೇಳ್ಳಿಕತ್ತೇನಿ. ಆ ಅಡವಿ ಅಂದ್ರ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಕೂಡ್ಸಿ 2007ರಾಗ ಹುಲಿ ಮೀಸಲು ಅಂತ ಮಾಡಿದ್ರು, 2015ರಾಗ ಕಾಳಿ ಅಂತ ಹೆಸರಿಟ್ರು. ಮ್ಯಾಪಿನ್ಯಾಗ ಹಸರು ಕಂಡಲ್ಲೆಲ್ಲ ಹೋಗಿ ಟೆಂಟ್ ಹೊಡಿಲಿಕ್ಕೆ ಬರೂದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದ ಒಳಗ ಪರವಾನಿಗಿ ಇಲ್ಲದ ಹೋಗೂದೂ ತಪ್ಪು, ಬೆಂಕಿ ಹಚ್ಚೂದೂ ತಪ್ಪು. ಕೇಸು ಬೀಳ್ತದ ಅನ್ನೂದು ಒಂದಾತು, ಆದ್ರ ಡಿಸೆಂಬರ್ ಮುಗಿಯೂದ್ರಾಗ ಎಲಿ ಉದುರಲಿಕ್ಕೆ ಶುರು ಆಗಿರ್ತಾವು, ಒಂದು ಕೆಂಡ ಗಾಳಿಗೆ ಹಾರಿದ್ರ ಸಾಕು.

ಅದಕ್ಕಿಂತ ದೊಡ್ಡ ಮಾತು ಹೊಳೀದು. ಗಣೇಶಗುಡಿ ಮ್ಯಾಲ ಸೂಪಾ ಡ್ಯಾಮ್ ಅದ, 101 ಮೀಟರ್ ಎತ್ತರದ್ದು. ಕರೆಂಟ್ ಮಾಡ್ಲಿಕ್ಕೆ ನೀರು ಬಿಟ್ಟಾಗ ಕೆಳಗ ಹೊಳಿ ಏರ್ತದ, ಮಳಿ ಇಲ್ಲ ಮೋಡ ಇಲ್ಲ, ಬಿಸಿಲು ಬಿದ್ದ ದಿನಾನೂ ಏರ್ತದ. ನಾ ಒಂದ್ಸಲ ಮುಂಜಾನೆ ಬಂಡಿಗಲ್ಲಿನ ಮ್ಯಾಲ ಚಪ್ಪಲಿ ಬಿಟ್ಟು ಹತ್ತು ಹೆಜ್ಜಿ ಆಚೆ ಕೂತು ಚಹಾ ಕುಡೀಲಿಕತ್ತಿದ್ದೆ. ಮೊದಲು ಬಂಡಿ ಸುತ್ತಲಿನ ಉಸುಕು ತೊಯ್ತು, ಆಮ್ಯಾಲ ನೀರಿನ ಸಪ್ಪಳ ಬದಲಾತು, ನಾ ಎದ್ದು ನೋಡೂದ್ರಾಗ ಒಂದು ಚಪ್ಪಲಿ ತೇಲಿಕೋತ ಹೊಂಟಿತ್ತು. ಅದು ಚಪ್ಪಲಿ ಆಗಿದ್ದಕ್ಕ ಇವತ್ತು ಆರಾಮ ಕೂತು ಬರೀಲಿಕತ್ತೇನಿ. ನಿಮ್ಮ ಜೋಡಿ ಮೂರು ವರ್ಷದ ಕೂಸು ಅದ, ಹೊಳಿ ದಂಡಿಗೆ ರಾತ್ರಿ ಮಲಗಸಬ್ಯಾಡ್ರಿ. ಇನ್ನ ದಾಂಡೇಲಿ ಊರ ಹತ್ರ ಅದ ಹೊಳ್ಯಾಗ ಮೊಸಳಿ ಅದಾವ, ಆ ಊರಿನ ಮಂದಿನ್ನ ಕೇಳದ ಎಲ್ಲಿಯೂ ಕಾಲು ಇಳಿಬಿಡಬಾರದು.

ಟೆಂಟಿನ್ಯಾಗ ಮಲಗ್ಬೇಕು ಅನ್ನೂದಾದ್ರ ಅರಣ್ಯ ಇಲಾಖೆಯವರದ ಕುಳಗಿ ನೇಚರ್ ಕ್ಯಾಂಪ್ ಅದ, ದಾಂಡೇಲಿಯಿಂದ ಹತ್ತು ಹನ್ನೆರಡು ಕಿಲೋಮೀಟರ್. ಒಳಗ ಮಂಚ ಇರೂವಂಥಾ ಎತ್ತರನ ಟೆಂಟು, ನಿಮ್ಮವ್ವಾರು ಬಗ್ಗಿ ನುಸಿಯೂ ಪ್ರಸಂಗ ಬರೂದಿಲ್ಲ. ಸರ್ಕಾರದ್ದ ಜಂಗಲ್ ಲಾಡ್ಜಸ್‌ನವರ ಕ್ಯಾಂಪೂ ಅದ, ಗಣೇಶಗುಡಿ ಹತ್ರ ಅವರದ ಓಲ್ಡ್ ಮ್ಯಾಗಝಿನ್ ಹೌಸ್ ಅದ, ಸೂಪಾ ಡ್ಯಾಮ್ ಕಟ್ಟೂ ಮುಂದ ಸಿಡಿಮದ್ದು ಇಟ್ಟಿದ್ದ ಜಾಗಾ ಅದು. ಅಲ್ಲೆ ಹಕ್ಕಿಗೋಳು ನೀರಿಗೆ ಬರೂದು ಕುಂತಲ್ಲೇ ಕಾಣ್ತದ. ಇಪ್ಪತ್ತು ಮಂದಿ ಅಂದ್ರ ಡಿಸೆಂಬರ್ ಶನಿವಾರ ರವಿವಾರಕ್ಕ ಈಗಿಂದ ಬುಕ್ ಮಾಡ್ರಿ, ಕ್ರಿಸ್ಮಸ್ ವಾರ ಅಂತೂ ಬಿಟ್ಟ ಬಿಡ್ರಿ. ತಗೊಂಡ ಟೆಂಟು ವೇಸ್ಟ್ ಆತು ಅನ್ನಬ್ಯಾಡ್ರಿ, ಕ್ಯಾಂಪಿನ ಅಂಗಳದಾಗ ಹುಡುಗ್ರ ಸಲುವಾಗಿ ಹಾಕ್ಲಿಕ್ಕೆ ಬಿಡ್ತಾರೇನು ಅಂತ ಬುಕ್ ಮಾಡೂ ಮುಂದ ಕೇಳ್ರಿ.

ಗದಗಿನ ಅಕ್ಕಾ:

ತಮ್ಮಾ, ನಿನ್ನ ಹೆಂಡ್ತಿ ಹೇಳಿದ ಮಾತು ನೀ ಎಲ್ಲಾದಕ್ಕಿಂತ ಕಡೀಕೆ ಬರದಿ, ನಾ ಅದರಿಂದನ ಶುರು ಮಾಡ್ತೀನಿ.

ಹ್ವಾದ ವರ್ಷ ಜನವರಿಯಾಗ ನಾವೂ ನಾಕು ಮನಿ ಮಂದಿ ಹೋಗಿದ್ವಿ, ಹೋಂ ಸ್ಟೇ ಬಾಜೂಕ ಟೆಂಟು, ಅಡಿಗಿ ನಮ್ಮದ ಅಂತ ಮಾತಾಗಿತ್ತು. ರೊಕ್ಕ ಉಳೀತೈತಿ, ಮನಿ ಊಟ ಉಂಡಂಗ ಆಗ್ತೈತಿ ಅಂತ. ಏನಾತಪಾ ಅಂದ್ರ ಶನಿವಾರ ನಸುಕಿನ್ಯಾಗ ಸಫಾರಿ ಜೀಪು ಬಂದು ನಿಂತಾಗ ನಾವು ಮೂರು ಮಂದಿ ಹೆಣ್ಮಕ್ಕಳು ಬ್ಯಾಟ್ರಿ ಬೆಳಕಿನ್ಯಾಗ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಕೋತ ಕುಂತಿದ್ವಿ. ಗಾಳಿಗೆ ಒಲಿ ಹತ್ತವಲ್ದು, ಹತ್ತಿದ್ರ ನಿಲ್ಲವಲ್ದು, ಒಬ್ಬಾಕಿ ಸೆರಗು ಅಡ್ಡ ಹಿಡ್ಕೊಂಡು ನಿಂತಾಳ. ಗಂಡಸರು ಹುಡುಗ್ರು ಹೋಗಿ ಬಂದು ಕಾಡುಕೋಣ ನೋಡಿದ್ವಿ ಅಂತ ಕುಣದಾಡಿದ್ರು, ನಾವು ಅವ್ರ ಮೊಬೈಲ್ನ್ಯಾಗ ನೋಡಿದ್ವಿ. ಯಾರೂ ಕೆಟ್ಟ ಮನಸ್ಸಿನವ್ರಲ್ಲ, ಆದ್ರ ಯಾರಿಗೂ ಅದು ಹೊಳೀಲಿಲ್ಲ, ನನಗ ಅದ ಇವತ್ತಿಗೂ ಸಂಕಟ. ನಮ್ಮ ನಾದಿನಿ ಮಗಳು ಹತ್ತು ವರ್ಷದಾಕಿ, ಅಕೀನೂ ನಮ್ಮ ಜೋಡಿ ತಾಟು ತೊಳಕೋತ ಕುಂತಿತ್ತು.

ಅದಕ್ಕ ಹೇಳ್ತೀನಿ, ಊಟ ಕೊಡೂ ಜಾಗಾನ ಹಿಡೀರಿ, ನಾಕು ರೊಕ್ಕ ಹೆಚ್ಚಾದ್ರೂ ಆಗಲಿ. ಜೋಡಿ ಒಯ್ಯಾಕ ಒಲಿ ಬೇಡದ್ದು ನಮ್ಮ ಕಡೆ ಏನು ಕಡಿಮಿ ಐತಿ? ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಚುರಮರಿ. ಎರಡು ದಿನಕ್ಕ ಸಾಕಾಗಿ ಉಳೀತೈತಿ. ನಿಮ್ಮವ್ವಗ ಶುಗರ್ ಐತಿ ಅಂದಿ, ಕ್ಯಾಂಪಿನ ಊಟ ತಡಾ ಆದ್ರ ಒಂದು ರೊಟ್ಟಿ ಮುರದು ಕೊಡಾಕ ಬರ್ತೈತಿ. ಗುಳಿಗಿ ಎರಡು ಕಡೆ ಹಂಚಿ ಇಡು, ಒಂದು ಚೀಲ ಕಳದ್ರ ಇನ್ನೊಂದರ ಇರ್ತೈತಿ.

ತಿನ್ನೂದನ್ನ ಮಾತ್ರ ಟೆಂಟಿನ್ಯಾಗ ಇಡಬ್ಯಾಡ್ರಿ. ನಮ್ಮ ಒಂದು ಟೆಂಟಿನ್ಯಾಗ ಶೇಂಗಾ ಉಂಡಿ ಡಬ್ಬಿ ಇತ್ತು, ಮಧ್ಯಾಹ್ನ ಎಲ್ಲಾರೂ ಆಚೆ ಹೋದಾಗ ಮಂಗ್ಯಾ ಬಂದು ಝಿಪ್ಪಿನ ಬಾಜೂಕ ಬಟ್ಟಿ ಹರದು ಒಳಗ ಹೊಕ್ಕಾವು. ಡಬ್ಬಿ ಮುಚ್ಚಳ ಹಲ್ಲಿಲೆ ಕಡದು ತಗದಿದ್ವು, ಹಾಸಿಗಿ ತುಂಬ ಬೆಲ್ಲದ ಪುಡಿ, ಅದರ ಮ್ಯಾಲ ಸಂಜಿಗೆ ಕಟ್ಟಿರಿವಿ. ಎಲ್ಲಾ ತಿನಿಸು ಕಾರ್ ಡಿಕ್ಕಿಯಾಗ.

ಸಂಡಾಸ ಎಷ್ಟು ದೂರ ಐತಿ ಅನ್ನೂದನ್ನ ಬುಕ್ ಮಾಡೂಕಿಂತ ಮೊದಲು ಕೇಳು. ನಮ್ಮತ್ತಿಯವರು ಹಗಲೆಲ್ಲ ನೀರು ಕುಡೀಲಿಲ್ಲ, ರಾತ್ರಿ ಕತ್ತಲಾಗ ನಡೀಬೇಕಾಗ್ತೈತಿ ಅಂತ ಹೆದರಿ. ಕೇಳಿದಾಗ ನೀರಡಿಕಿ ಇಲ್ಲ ಅಂದ್ರು, ಮರುದಿನ ತಲಿ ಸುತ್ತಿ ಬಿದ್ದಾಗ ಗೊತ್ತಾತು. ಅವ್ವನ ಟೆಂಟು ಸಂಡಾಸಕ್ಕ ಹತ್ರದ್ದಿರಲಿ, ಅಕೀ ಕೈಯಾಗ ಒಂದು ಬ್ಯಾಟ್ರಿ, ಜೋಡಿ ಮಲಗಾಕ ಒಬ್ರು ಹೆಣ್ಮಕ್ಕಳು. ಕೌದಿ ಒಯ್ಯಿರಿ. ರಾತ್ರಿ ಮಂಜು ಎಷ್ಟು ಬೀಳ್ತೈತಿ ಅಂದ್ರ ಗಿಡದಿಂದ ಟೆಂಟಿನ ಮ್ಯಾಲ ಟಪ್ ಟಪ್ ಅಂತ ನಸುಕಿನ ತನಾ ಹನೀತಿರ್ತೈತಿ, ನಾವು ಮಳಿ ಬಂತು ಅಂತ ಎದ್ದು ಅರಬಿ ಒಳಗ ತಂದ್ವಿ, ಹೊರಗ ನೋಡಿದ್ರ ಮುಗಲ ತುಂಬ ಚಿಕ್ಕಿ.

ಉಣಕಲ್ ದಂಡಿ:

ಅಕ್ಕಾರ, ನಿಮ್ಮ ಮೆಸೇಜು ಮನಿಯಾಕಿಗೆ ಓದಿ ಹೇಳಿದೆ, ಏನೂ ಮಾತಾಡ್ಲಿಲ್ಲ, ಫೋನ್ ಇಸ್ಕೊಂಡು ತಾನೂ ಒಂದ್ಸಲ ಓದಿದ್ಳು. ಅಡಿಗಿ ಕ್ಯಾನ್ಸಲ್ ಆತ್ರೀ. ಕೆಲಗೇರಿ ಸರ್ರ, ಹೊಳೀದೂ ಕ್ಯಾನ್ಸಲ್, ಕುಳಗಿ ಕೇಳ್ತೀನಿ. ಹಾವಿಂದು ಯಾರರ ಹೇಳ್ರಿ, ಮತ್ತ ಮಂಗನ ಕಾಯಿಲೆ ಅಂತ ಉತ್ತರ ಕನ್ನಡ ಜಿಲ್ಲಾದಾಗ ಇರ್ತೈತಿ ಅಂತಾರಲ್ಲ, ಅದಕ್ಕ ಹುಡುಗ್ರನ್ನ ಒಯ್ಯಾಕ ಹೆದರಿಕಿ ಅಂತ ನಮ್ಮ ಗ್ರೂಪಿನ್ಯಾಗ ಒಬ್ರು ಹಿಂದ ಸರ್ಯಾಕತ್ತಾರ.

ಹಾವೇರಿ ಯಾಲಕ್ಕಿ:

ನಾನು ನರ್ಸ್ ಕೆಲಸ ಮಾಡಾಕಿ, ಅದಕ್ಕ ಇದಕ್ಕ ನಾನ ಉತ್ರ ಹೇಳ್ತೀನ್ರಿ ಅಣ್ಣಾರ. ಮಂಗನ ಕಾಯಿಲೆ ಹೆಚ್ಚಾಗಿ ಬರೂದು ಉಣ್ಣಿ ಕಡದು. 1957ರಾಗ ಸೊರಬ ತಾಲೂಕಿನ ಕ್ಯಾಸನೂರು ಅಡವ್ಯಾಗ ಮೊದಲ ಸಿಕ್ಕಿದ್ದಕ್ಕ ಕ್ಯಾಸನೂರು ಕಾಯಿಲೆ ಅಂತಾನೂ ಅಂತಾರ. ಜಾಸ್ತಿ ಬರೂದು ಡಿಸೆಂಬರ್‌ದಿಂದ ಮೇ ತನಾ, ಅಂದ್ರ ನಿಮ್ಮ ಹೋಗೂ ಟೈಮಿಗೇ ಸೀಸನ್ ಶುರು. ಹಂಗಂತ ಹೋಗಬಾರದು ಅಂತಲ್ಲ, ಹೋಗೂ ಮೊದಲು ಆ ಕಡೆ ಈ ವರ್ಷ ಕೇಸ್ ಬಂದಾವೇನು, ಮಂಗ್ಯಾ ಸತ್ತಾವೇನು ಅಂತ ಕ್ಯಾಂಪಿನವರನ್ನ ಕೇಳ್ರಿ, ಬಂದಿದ್ರ ಮುಂದ ಹಾಕ್ರಿ.

ಮರಿ ಉಣ್ಣಿ ಎಳ್ಳಿನಕಿಂತ ಸಣ್ಣದಿರ್ತೈತಿ, ಕಡದದ್ದು ತಿಳಿಯಂಗಿಲ್ಲ. ತರಗಲಿ ಮ್ಯಾಲ ಕುಂಡ್ರಬ್ಯಾಡ್ರಿ, ಹುಡುಗ್ರಿಗೆ ಉದ್ದ ಪ್ಯಾಂಟು ಹಾಕಿ ಕಾಲುಚೀಲದಾಗ ತುರುಕ್ರಿ, ಬೆಳ್ಳನ ಅರಬಿ ಆದ್ರ ಮ್ಯಾಲ ಹರಿಯೂ ಹುಳಾ ಕಾಣ್ತೈತಿ. ಸಂಜಿಗೆ ಬಂದಕೂಡ್ಲೆ ಬಿಸಿನೀರಾಗ ಸಬಕಾರ ಹಚ್ಚಿ ಜಳಕ ಮಾಡ್ಸಿ ಕಿವಿ ಹಿಂದ, ಕಂಕಳಾಗ, ಮೊಣಕಾಲು ಹಿಂದ, ಕೂದಲ ಬುಡದಾಗ ಬೆರಳು ಆಡ್ಸಿ ನೋಡ್ರಿ. ಸಿಕ್ರ ಒರಸಿ ಜಜ್ಜಬ್ಯಾಡ್ರಿ, ಚಿಮಟದಲೆ ಚರ್ಮಕ್ಕ ಹತ್ತಿದಲ್ಲೇ ಹಿಡದು ಸಾವಕಾಶ ನೆಟ್ಟಗ ಎಳೀರಿ. ವಾಪಸ್ ಬಂದ ಮ್ಯಾಲ ಎರಡು ವಾರದಾಗ ಯಾರಿಗರ ಜ್ವರ, ತಲಿನೋವು, ಮೈಕೈ ನೋವು ಬಂದ್ರ ಡಾಕ್ಟರಿಗೆ ಮೊದಲು ಹೇಳೂ ಮಾತು "ಅಡವಿಗೆ ಹೋಗಿದ್ವಿ" ಅಂತ. ಹೇಳದಿದ್ರ ಅವರು ಸಾದಾ ಜ್ವರ ಅಂತ ಗುಳಿಗಿ ಬರದು ಕಳಸ್ತಾರ, ಅವರಿಗೆ ಕನಸು ಬೀಳ್ತೈತೇನು?

ಹಾವಿಂದು: ಬೂಟು ಟೆಂಟಿನ ಒಳಗ ಇಡ್ರಿ, ಹಾಕ್ಕೊಳ್ಳೂ ಮುಂದ ಝಾಡಸ್ರಿ, ಕತ್ತಲಾಗ ಬ್ಯಾಟ್ರಿ ಇಲ್ಲದ ಒಂದು ಹೆಜ್ಜಿನೂ ಇಡಬ್ಯಾಡ್ರಿ. ಕಡದ್ರ ಬಿಗಿ ಕಟ್ಟೂದು, ಕೊಯ್ಯೂದು, ಬಾಯಿಲೆ ಹೀರೂದು ಏನೂ ಮಾಡಬಾರದು, ಉಂಗುರ ಬಳಿ ತಗದು, ಕಡದ ಕೈಕಾಲು ಅಲುಗಾಡದಂಗ ಇಟ್ಟು ಸೀದಾ ದವಾಖಾನಿಗೆ. ಮೊಬೈಲ್ ಸಿಗ್ನಲ್ ಎಲ್ಲಾ ಕಡೆ ಇರಂಗಿಲ್ಲ, ಅದಕ್ಕ ಹತ್ರದ ಸರ್ಕಾರಿ ದವಾಖಾನಿ ಎಲ್ಲೈತಿ, ಹಾವಿನ ಇಂಜೆಕ್ಷನ್ ಐತೇನು ಅಂತ ಮೊದಲ ಕೇಳಿ ಹಾಳಿ ಮ್ಯಾಲ ಬರದು ಕಾರಿನ್ಯಾಗ ಇಡ್ರಿ. ರಾತ್ರಿ ಒಂದು ಕಾರಿನ ಡ್ರೈವರ್ ಕುಡೀಬಾರದು, ಇದು ನಿಮ್ಮೊಳಗ ಮೊದಲ ಮಾತಾಗ್ಲಿ.

ಮಂಗಟ್ಟೆ:

ಎಲ್ಲಾರೂ ಛೊಲೊ ಹೇಳ್ಯಾರ, ನಂದು ಒಂದು ವಿನಂತಿ ಅಷ್ಟ. ಆ ಸ್ಪೀಕರ್ ಮನ್ಯಾಗ ಬಿಟ್ಟು ಹೋಗ್ರಿ.

ಹುಲಿ ಕಾಣ್ತೈತಿ ಅಂತ ಹುಡುಗ್ರಿಗೆ ಹೇಳಿ ಒಯ್ದ್ರ ಅಳಕೋತ ಬರ್ತಾವು, ಅಷ್ಟು ದಟ್ಟ ಅಡವ್ಯಾಗ ಅದು ಕಾಣೂದು ಭಾಳ ಕಷ್ಟ. ಮಂಗಟ್ಟೆ ಹಕ್ಕಿ (ದೊಡ್ಡ ಕೊಕ್ಕಿನ ಹಾರ್ನ್‌ಬಿಲ್) ತೋರಸ್ತೀನಿ ಅಂತ ಹೇಳ್ರಿ. ದಾಂಡೇಲಿ ಕಡೆ ನಾಕು ಜಾತಿ ಮಂಗಟ್ಟೆ ಅದಾವು, ಊರಾಗಿನ ಕಟ್ಟಿಗಿ ಡಿಪೋ ಹತ್ರಾನೂ ಕಾಣ್ತಾವು, ಆಲ ಅತ್ತಿ ಬಸರಿ ಹಣ್ಣಾಗಿದ್ರಂತೂ ಹಿಂಡು ಬಂದು ಕುಂಡ್ರತಾವು. ಹೆಣ್ಣು ಹಕ್ಕಿ ಗಿಡದ ಪೊಟರ್ಯಾಗ ಕುಂತು ಪೊಟರಿ ಬಾಯಿ ಮುಚ್ಚಿ ಒಂದು ಸೀಳು ಬಿಟ್ಕೊಂತೈತಿ, ಮರಿ ದೊಡ್ಡವಾಗೂ ತನಾ ಗಂಡು ಹಣ್ಣು ತಂದು ಆ ಸೀಳಿನ್ಯಾಗ ಉಣಸ್ತೈತಿ. ಇದು ಬ್ಯಾಸಗಿ ಮಾತು, ಡಿಸೆಂಬರ್‌ನ್ಯಾಗ ಗೂಡು ಇರಂಗಿಲ್ಲ, ಆದ್ರ ಈ ಕತಿ ಹೇಳಿ ಗಿಡದ ಪೊಟರಿ ತೋರಿಸಿದ್ರ ಹುಡುಗ್ರು ಅಲ್ಲೇ ನಿಂತುಬಿಡ್ತಾರ. ದೊಡ್ಡ ಮಂಗಟ್ಟೆ ತಲಿ ಮ್ಯಾಲ ಹಾರಿದ್ರ ಮೊರದಾಗ ಜೋಳ ಕೇರಿದಂಗ ಸಪ್ಪಳ ಬರ್ತೈತಿ, ನಿಮ್ಮವ್ವಾರಿಗೆ ಕೇಳಸ್ರಿ, ಆ ಸಪ್ಪಳದ ಗುರ್ತು ಅವರಿಗೆ ನಮ್ಮಕಿಂತ ಛಲೋ ಇರ್ತೈತಿ. ಸ್ಪೀಕರ್ ಹಚ್ಚಿದ್ರ ಇದು ಯಾವುದೂ ಕೇಳಂಗಿಲ್ಲ, ಬಾಜೂ ಟೆಂಟಿನವರಿಗೂ ಕೇಳಗೊಡಂಗಿಲ್ಲ. ಅಂತ್ಯಾಕ್ಷರಿ ಬಾಯಿಲೆ ಹಾಡ್ರಿ, ಎಂಟೂವರಿ ಒಂಬತ್ತಕ್ಕ ಮುಗಸ್ರಿ.

ಉಣಕಲ್ ದಂಡಿ:

ಇವತ್ತು ಸಂಜಿಗೆ ಐದೂ ಮನಿಯವರು ಟೆರೇಸ್ ಮ್ಯಾಲ ಕೂಡಿ ಈ ಮೆಸೇಜ್ ಎಲ್ಲಾ ಒಂದೊಂದ ಓದಿದ್ವ್ರಿ. ಹಿಂದ ಸರಿದಿದ್ದವರು ಮತ್ತ ಹೂಂ ಅಂದಾರ. ಸಫಾರಿಗೆ ಮೊದಲ ಜೀಪಿನ್ಯಾಗ ಹೆಣ್ಮಕ್ಕಳು, ಸಣ್ಣವರನ್ನ ನಾವು ಗಂಡಸರು ನೋಡ್ಕೊಳ್ಳೂದು ಅಂತ ಆಗೇತಿ. ರೊಟ್ಟಿ ಬಡಿಸಾಕ ಇಲ್ಲೆ ಒಬ್ರು ಅಕ್ಕಾರಿಗೆ ನೂರು ಹೇಳೇವಿ, ನಾಳೆ ಮುಂಜಾನೆ ಕುಳಗಿಗೆ ಫೋನ್ ಮಾಡ್ತೀನಿ, ಮೊದಲ ಪ್ರಶ್ನೆ ಸಂಡಾಸದ್ದು. ಅವ್ವ ಅಂತೂ ಅಟ್ಟದ ಮ್ಯಾಲಿಂದ ಎರಡು ಕೌದಿ ಇಳಿಸಿ ಬಿಸಿಲಿಗೆ ಹಾಕ್ಯಾಳ, ಹೋಗಾಕ ಇನ್ನೂ ತಿಂಗಳ ಮ್ಯಾಲ ಐತಿ ಅಂದ್ರೂ ಕೇಳವಲ್ಲಳು.