ರಕ್ತಕ್ಕೆ ಬಿಟ್ಟ ಬ್ಯಾಕ್ಟೀರಿಯಾ ಕ್ಯಾನ್ಸರ್ ಗಡ್ಡೆಯನ್ನು ಸೇರುವುದು ಹೇಗೆ?

ಪ್ರಶ್ನೆ:
ವಂಶವಾಹಿಗಳನ್ನು ತಿದ್ದಿದ ಬ್ಯಾಕ್ಟೀರಿಯಾಗಳನ್ನು ಗಡ್ಡೆಗೆ ಕಳುಹಿಸಿ, ಅಲ್ಲಿಯೇ ಔಷಧ ತಯಾರಾಗುವಂತೆ ಮಾಡಬಹುದೆಂದು ಓದಿದೆ. ಅವು ಗಡ್ಡೆಯನ್ನೇ ಹೇಗೆ ಸೇರುತ್ತವೆ? ರೋಗಿಗೆ ನಂಜೇರುವುದಿಲ್ಲವೇ?

ಉತ್ತರ 1:
ಅವು ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತವೆ ಎನ್ನುವುದಕ್ಕಿಂತ ಅಲ್ಲಿ ಉಳಿದುಕೊಳ್ಳುತ್ತವೆ ಎನ್ನುವುದೇ ಹೆಚ್ಚು ಸರಿ. ವೇಗವಾಗಿ ಬೆಳೆದ ಗಡ್ಡೆಯ ನಡುಭಾಗಕ್ಕೆ ರಕ್ತನಾಳಗಳು ಸರಿಯಾಗಿ ತಲುಪದ ಕಾರಣ ಅಲ್ಲಿ ಆಮ್ಲಜನಕ ಕಡಿಮೆ, ಸತ್ತ ಜೀವಕೋಶಗಳಿಂದ ಆಹಾರ ಹೇರಳ, ರೋಗನಿರೋಧಕ ವ್ಯವಸ್ಥೆಯ ಕಾವಲೂ ಸಡಿಲ. ಉಳಿದೆಡೆ ಯಕೃತ್ತು ಮತ್ತು ಗುಲ್ಮಗಳು ಅವುಗಳನ್ನು ಬಹುಮಟ್ಟಿಗೆ ತೆರವುಗೊಳಿಸುತ್ತವೆ. ನಂಜನ್ನು ತಗ್ಗಿಸಲು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯಲ್ಲಿ ಹೊರಪೊರೆಯ ವಿಷಾಂಶಕ್ಕೆ ಕಾರಣವಾದ ವಂಶವಾಹಿಯನ್ನೇ ತೆಗೆದುಹಾಕಿದ್ದರು. ಆದರೆ 2002ರಲ್ಲಿ ಪ್ರಕಟವಾದ, 25 ರೋಗಿಗಳ ಮೇಲಿನ ಪ್ರಯೋಗದಲ್ಲಿ ಅದು ಕೆಲವರ ಗಡ್ಡೆಗಳಲ್ಲಷ್ಟೇ ನೆಲೆಯೂರಿತು, ಯಾರ ಗಡ್ಡೆಯೂ ಕುಗ್ಗಲಿಲ್ಲ. ಇಲಿಗಳಲ್ಲಿ ಕಂಡ ಯಶಸ್ಸಿನ ಸುದ್ದಿಯನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಉತ್ತರ 2:
ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವು 2019ರಲ್ಲಿ ವಂಶವಾಹಿ ತಿದ್ದಿದ, ರೋಗಕಾರಕವಲ್ಲದ ಇ. ಕೋಲೈ ಬ್ಯಾಕ್ಟೀರಿಯಾವನ್ನು ಇಲಿಗಳ ಗಡ್ಡೆಗೇ ನೇರವಾಗಿ ಚುಚ್ಚಿತು. ಸಂಖ್ಯೆ ಒಂದು ಮಟ್ಟವನ್ನು ಮುಟ್ಟಿದೊಡನೆ ಬಹುಪಾಲು ಬ್ಯಾಕ್ಟೀರಿಯಾಗಳು ಒಟ್ಟಿಗೆ ಒಡೆದು ಔಷಧವನ್ನು ಹೊರಚೆಲ್ಲುತ್ತವೆ. ಉಳಿದ ಕೆಲವು ಮತ್ತೆ ವೃದ್ಧಿಯಾಗುತ್ತವೆ. ಚುಚ್ಚದೆ ಬಿಟ್ಟ ಗಡ್ಡೆಗಳ ಬೆಳವಣಿಗೆಯೂ ತಗ್ಗಿದ್ದು ನನಗೆ ಹೆಚ್ಚು ಮಹತ್ವದ್ದೆನಿಸುತ್ತದೆ.

ಉತ್ತರ 3:
ತಳಿ ತಿದ್ದುಪಡಿಯ ಮಾತು ಬೇರೆ, ಆದರೆ ಜೀವಂತ ಬ್ಯಾಕ್ಟೀರಿಯಾದ ಚಿಕಿತ್ಸೆ ಈಗಾಗಲೇ ಬಳಕೆಯಲ್ಲಿದೆ. ಸ್ನಾಯುವಿಗೆ ಇಳಿಯದ ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿಯನ್ನು (ಕ್ಷಯದ ಲಸಿಕೆಯಲ್ಲಿರುವ, ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾ) ನಳಿಕೆಯ ಮೂಲಕ ಮೂತ್ರಕೋಶಕ್ಕೆ ತುಂಬಿ, ರೋಗಿಯು ಅದನ್ನು ಸುಮಾರು 2 ಗಂಟೆ ಹಿಡಿದಿಟ್ಟುಕೊಳ್ಳುವಂತೆ ಹೇಳುತ್ತಾರೆ.